ಓಡುತ್ತಿರುವ ಕೋಡ್ ಬಿಚ್ಚುವ ಮುಂಚೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕೃಷಿ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹಳ್ಳಿ ಹುಡುಗರು ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟುಕೊಂಡು ಮೋಟಾರ್ ಆನ್ ಮಾಡುವುದು, ಡ್ರಿಪ್ ವಾಲ್ವ್ ತಿರುಗಿಸುವುದು, ಕೋಳಿ ಶೆಡ್ಡಿನ ಬಿಸಿ ನೋಡಿಕೊಳ್ಳುವುದು, ಇಂಥ ಸುದ್ದಿ ಬಂದಾಗ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಒಂದೇ ಕೊರತೆ. ಮಾಡಿದ ದಿನದ ಫೋಟೊ ಬರುತ್ತದೆ. ಮೂರು ವರ್ಷ ಆದಮೇಲೆ ಅದು ಇನ್ನೂ ಓಡುತ್ತಿದೆಯಾ, ಯಾರು ನೋಡಿಕೊಳ್ಳುತ್ತಿದ್ದಾರೆ, ಅದರ ಕೋಡ್ (ಬೋರ್ಡಿಗೆ ನಾವು ಬರೆದುಕೊಡುವ ಸೂಚನೆಗಳು) ಎಷ್ಟು ಸಲ ಬದಲಾಯಿತು, ಯಾಕೆ ಬದಲಾಯಿತು, ಇದು ಎಲ್ಲೂ ಬರುವುದಿಲ್ಲ. ಅದರ ಬಗ್ಗೆಯೇ ಈ ಪತ್ರ. ಉದ್ದವಾಯಿತು ಅನ್ನಿಸಿದರೆ ಕತ್ತರಿಸಿ, ಆದರೆ ಮೋಟಾರ್ ಸುಟ್ಟ ಭಾಗ ಮಾತ್ರ ದಯವಿಟ್ಟು ಉಳಿಸಿ.

ನಾನು ತಿಪಟೂರು ತಾಲ್ಲೂಕಿನವನು. ಇಪ್ಪತ್ತು ವರ್ಷ ಟಿವಿ ರಿಪೇರಿ ಮಾಡಿದವನು. ಪಿಕ್ಚರ್ ಟ್ಯೂಬ್ ಟಿವಿ ಹೋಗಿ ಗೋಡೆಗೆ ನೇತುಹಾಕುವ ಟಿವಿ ಬಂದಮೇಲೆ ಅಂಗಡಿ ಮುಚ್ಚಿ ತೋಟಕ್ಕೆ ಬಂದೆ. ಸೋಲ್ಡರಿಂಗ್ ಐರನ್ ಮಾತ್ರ ಬಿಡಲಿಲ್ಲ. 2017ರಲ್ಲಿ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಒಂದು ಆರ್ಡುಯಿನೊ ಊನೊ, ಸ್ಟಾರ್ಟರ್ ಆನ್ ಆಫ್ ಮಾಡಲು ಒಂದು ರಿಲೇ ಬೋರ್ಡ್, ಮೋಟಾರ್ ಎಳೆಯುವ ಕರೆಂಟ್ ಅಳೆಯಲು ಒಂದು ಸಿಟಿ ಕಾಯಿಲ್ ತಂದೆ. ಇಟಲಿಯ ಇವ್ರೆಯಾ ಅನ್ನುವ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳು ಕಲಿಯಲಿ ಅಂತ ಶುರುವಾದ ಬೋರ್ಡ್ ಇದು. ಊನೊದಲ್ಲಿರುವ ಎಟಿಮೆಗಾ 328ಪಿ ಚಿಪ್‌ನಲ್ಲಿ ಪ್ರೋಗ್ರಾಂ ಇಡಲು 32 ಕೆಬಿ ಜಾಗ, ಕೆಲಸ ಮಾಡಲು ಬರೀ 2 ಕೆಬಿ ಮೆಮೊರಿ. ನಮ್ಮ ಫೋನಿನ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಆದರೆ 700 ಅಡಿ ಬೋರ್‌ವೆಲ್ಲಿನಲ್ಲಿ ಇಳಿಬಿಟ್ಟ 7.5 ಎಚ್‌ಪಿ ಮೋಟಾರ್ ಕಾಯುವುದಕ್ಕೆ ಅಷ್ಟು ಸಾಕು.

ಕೆಲಸ ಇಷ್ಟೇ. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ದಿನಕ್ಕೆ ಏಳು ಗಂಟೆ ಅಂತ ಲೆಕ್ಕ, ಅದೂ ಹಗಲು ಸ್ವಲ್ಪ, ರಾತ್ರಿ ಸ್ವಲ್ಪ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವು ಚೇಳು ನೋಡಿಕೊಂಡು ಸ್ಟಾರ್ಟರ್ ಹತ್ತಿರ ಹೋಗುವ ಕಷ್ಟ ರೈತರಿಗೆ ಗೊತ್ತು. ಮೂರೂ ಫೇಸ್ ಬಂದಿದೆಯಾ ನೋಡಿ ಮೋಟಾರ್ ಹಾಕಬೇಕು. ಬೋರಿನಲ್ಲಿ ನೀರು ಕಮ್ಮಿಯಾದರೆ ಆಂಪ್ಸ್ (ಮೋಟಾರ್ ಎಳೆಯುವ ಕರೆಂಟ್) ಇಳಿಯುತ್ತದೆ, ಅದನ್ನು ಹಿಡಿದು ಮೋಟಾರ್ ನಿಲ್ಲಿಸಬೇಕು, ಮುಕ್ಕಾಲು ಗಂಟೆ ಬೋರಿಗೆ ರೆಸ್ಟ್ ಕೊಟ್ಟು ಮತ್ತೆ ಹಾಕಬೇಕು.

ಬರೆದೆ. ನೋಡಲು ಚೆನ್ನಾಗಿರಲಿಲ್ಲ. ಮೇಲಿಂದ ಕೆಳಗೆ ಒಂದೇ ಉದ್ದ, ಎಲ್ಲಿ ನೋಡಿದರೂ ಡಿಲೇ (ಇಷ್ಟು ಹೊತ್ತು ಕಾಯಿ ಅನ್ನುವ ಸೂಚನೆ), ಹೆಸರುಗಳೆಲ್ಲ ಎ1, ಎ2, ಟೆಂಪ್. ಆದರೆ ನಾಲ್ಕು ವರ್ಷ ಓಡಿತು. ಸಿಡಿಲು, ಮಳೆ, ಸ್ಟಾರ್ಟರ್ ಬಾಕ್ಸಿಗೆ ನುಗ್ಗುವ ಹಲ್ಲಿ, ಇರುವೆ, ಎಲ್ಲ ದಾಟಿ ಓಡಿತು.

2021ರ ಲಾಕ್‌ಡೌನಿನಲ್ಲಿ ಕೈಯಲ್ಲಿ ಹೊತ್ತು ಜಾಸ್ತಿ ಇತ್ತು. ಅಷ್ಟರಲ್ಲಿ ನಾನೂ ನಾಲ್ಕು ಅಕ್ಷರ ಕಲಿತಿದ್ದೆ. ಫಂಕ್ಷನ್ ಅಂದರೇನು, ಕ್ಲಾಸ್ ಅಂದರೇನು, ಹೆಸರು ಹೇಗಿಡಬೇಕು ಎಲ್ಲ ಗೊತ್ತಾಗಿತ್ತು. ಹಳೆಯ ಕೋಡ್ ತೆರೆದು ನೋಡಿದರೆ ಮುಜುಗರ. ಒಂದು ವಾರ ಕೂತು ಪೂರ್ತಿ ಹೊಸದಾಗಿ ಬರೆದೆ. ಮೋಟಾರಿಗೆ ಯಾವ ಹೊಸ ಕೆಲಸವೂ ಬೇಕಿರಲಿಲ್ಲ, ಯಾವ ತೊಂದರೆಯೂ ಇರಲಿಲ್ಲ. ನನ್ನ ಕಣ್ಣಿಗೆ ಅಂದವಾಗಿ ಕಾಣಲಿ ಅಂತ ಮಾತ್ರ ಬರೆದೆ. ಬರೆಯುವಾಗ ಹಳೆಯದರಲ್ಲಿ ಅರ್ಥವಿಲ್ಲದ ಸಾಲುಗಳು ಅನ್ನಿಸಿದ್ದನ್ನೆಲ್ಲ ಬಿಟ್ಟುಬಿಟ್ಟೆ. ಅದರಲ್ಲಿ ಒಂದು, ಶುರುವಿನಲ್ಲೇ ಇದ್ದ 240000 ಮಿಲಿಸೆಕೆಂಡಿನ ಡಿಲೇ. ಯಾವುದೋ ಟೆಸ್ಟಿಗೆ ಹಾಕಿ ಮರೆತಿದ್ದೇನೆ ಅಂದುಕೊಂಡೆ. ಮೇಜಿನ ಮೇಲೆ ಎಲ್‌ಇಡಿ ಇಟ್ಟು ನೋಡಿದೆ. ಎಲ್ಲ ಸರಿ. ತೋಟದ ಬೋರ್ಡಿಗೆ ಹಾಕಿದೆ.

ಮೂರನೇ ರಾತ್ರಿ ಥ್ರೀ ಫೇಸ್ ಬಂತು. ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹನ್ನೊಂದು ಮೋಟಾರ್ ಇವೆ, ಸುಮಾರು ಎಲ್ಲದಕ್ಕೂ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಎಲ್ಲವೂ ಒಟ್ಟಿಗೆ ಏಳುತ್ತವೆ. ಏಳುವಾಗ ಪ್ರತಿ ಮೋಟಾರೂ ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜ್ ಕುಸಿಯಿತು. ನಮ್ಮ ಸ್ಟಾರ್ಟರಿನಲ್ಲಿ ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಹಿಡಿಯುವುದು, ಬಿಡುವುದು, ಹಿಡಿಯುವುದು, ಬಿಡುವುದು. ಆ ಟಕಟಕ ಸದ್ದು ಮನೆತನಕ ಕೇಳಿಸಿತು. ಎದ್ದು ಹೋಗುವಷ್ಟರಲ್ಲಿ ಒಂದು ಪಾಯಿಂಟ್ ಸುಟ್ಟು ಕಪ್ಪಾಗಿತ್ತು, ಎರಡೇ ಫೇಸಿನಲ್ಲಿ ನರಳಿ ನರಳಿ ವೈಂಡಿಂಗ್ ಹೋಗಿತ್ತು. ಓವರ್‌ಲೋಡ್ ರಿಲೇ ಹಳೆಯದು, ಟ್ರಿಪ್ ಆಗಲಿಲ್ಲ. ಮೋಟಾರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಹೊತ್ತಿಗೆ 22 ಸಾವಿರ ಖರ್ಚಾಯಿತು. ಹದಿನೆಂಟು ದಿನ ತೋಟಕ್ಕೆ ನೀರಿಲ್ಲ. ಅಡಿಕೆ ಸಸಿಗಳಿಗೆ ಟ್ಯಾಂಕರ್ ತರಿಸಿದೆವು.

ಬೆಳಗ್ಗೆ ಪಕ್ಕದ ತೋಟದ ಅಣ್ಣ ಬಂದು ನೋಡಿದರು. ಸ್ಟಾರ್ಟರ್ ಬಾಗಿಲು ತೆಗೆದು, ಸುಟ್ಟ ಪಾಯಿಂಟ್ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ಯಾಕಪ್ಪಾ, ಈ ಸಲ ತಡೆದು ಹಾಕಲಿಲ್ವಾ?" ಅಂದರು.

ಆಗ ನೆನಪಾಯಿತು. 2017ರಲ್ಲಿ ಬೋರ್ಡ್ ಕೂರಿಸಿದ ಮೊದಲ ವಾರವೇ ಅವರು ಹೇಳಿದ್ದರು: "ಕರೆಂಟ್ ಬಂದ ತಕ್ಷಣ ಹಾಕ್ಬೇಡ. ಎಲ್ಲರ ಮೋಟಾರೂ ಹತ್ತಲಿ, ವೋಲ್ಟೇಜ್ ನಿಲ್ಲಲಿ, ನಾಲ್ಕು ನಿಮಿಷ ಬಿಟ್ಟು ಹಾಕು." ಆ ಮಾತೇ 240000 ಆಗಿ ಕೋಡಿನಲ್ಲಿ ಕೂತಿತ್ತು. ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ (ಓದುವವರಿಗಾಗಿ ಬರೆಯುವ ಟಿಪ್ಪಣಿ) ಬರೆದಿದ್ದರೆ ಮೋಟಾರ್ ಉಳಿಯುತ್ತಿತ್ತು.

ನಾನು ಕೆಲಸ ಕಲಿತ ಟಿವಿ ಅಂಗಡಿಯ ಮೇಷ್ಟ್ರು ಇದನ್ನೇ ಮೂವತ್ತು ವರ್ಷದ ಹಿಂದೆ ಹೇಳಿಕೊಟ್ಟಿದ್ದರು. ಒಂದು ಸೆಟ್ಟಿನಲ್ಲಿ ಹಿಂದಿನ ಮೆಕ್ಯಾನಿಕ್ ಬೋರ್ಡಿನ ಅಡಿಯಲ್ಲಿ ಉದ್ದನೆಯ ವೈರ್ ಎಳೆದು ಒಂದು ಕಂಡೆನ್ಸರ್ ಜಾಸ್ತಿ ಹಾಕಿದ್ದ. ಅಸಹ್ಯವಾಗಿ ಕಾಣುತ್ತಿತ್ತು. ತೆಗೆಯಲು ಹೋದೆ. ಮೇಷ್ಟ್ರು ಕೈ ಹಿಡಿದು, "ಬೆಸೆದವನಿಗೇನು ಹುಚ್ಚು ಹಿಡಿದಿರಲಿಲ್ಲ. ಯಾಕೆ ಹಾಕಿದ ಅಂತ ಮೊದಲು ತಿಳ್ಕೊ, ಆಮೇಲೆ ಬೇಕಾದ್ರೆ ತೆಗಿ" ಅಂದರು. ಬೇರೆಯವರ ಬೆಸುಗೆಗೆ ಆ ಮರ್ಯಾದೆ ಕೊಟ್ಟವನು ನನ್ನದೇ ಹಳೆಯ ಕೋಡಿಗೆ ಕೊಡಲಿಲ್ಲ. ಇದು ನನಗೆ ಇವತ್ತಿಗೂ ನೋವು.

ಹಾಗಂತ ಓಡುವ ಕೋಡನ್ನು ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ಅದೂ ತಪ್ಪು ಅಂತ ಮರುವರ್ಷವೇ ಗೊತ್ತಾಯಿತು.

2022ರಲ್ಲಿ ತೋಟವನ್ನು ಎರಡು ಭಾಗ ಮಾಡಿ ಎರಡು ಡ್ರಿಪ್ ಲೈನ್ ಹಾಕಿದೆವು. ಮೋಟಾರ್ ಸುಟ್ಟಮೇಲೆ ಹಳೆಯ ಕೋಡನ್ನೇ ವಾಪಸ್ ಹಾಕಿದ್ದೆ, ಅದಕ್ಕೇ ತೇಪೆ ಹಚ್ಚಿ ವಾಲ್ವ್ ಬದಲಿಸುವ ಕೆಲಸವನ್ನೂ ಸೇರಿಸಿದೆ. ಡಿಲೇ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಡಿಲೇ ಅಂದಾಗ ಬೋರ್ಡ್ ಕಣ್ಣು ಮುಚ್ಚಿ ಕೂರುತ್ತದೆ. ಹೇಳಿದಷ್ಟು ಹೊತ್ತು ಮುಗಿಯುವ ತನಕ ಮುಂದಿನ ಸಾಲಿಗೆ ಹೋಗುವುದಿಲ್ಲ, ಯಾವ ಸ್ವಿಚ್ ಒತ್ತಿದರೂ ನೋಡುವುದಿಲ್ಲ. ನನ್ನ ಕೋಡ್ ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟು ಆಂಪ್ಸ್ ನೋಡಿ ಮತ್ತೆ ಮುಚ್ಚುತ್ತಿತ್ತು. ಒಂದು ಮಧ್ಯಾಹ್ನ ಎರಡನೇ ಲೈನಿನ ಜಾಯಿಂಟ್ ಕಿತ್ತು ನೀರು ತೆಂಗಿನ ಅರ್ಧ ಎತ್ತರಕ್ಕೆ ಚಿಮ್ಮಿತು. ನನ್ನ ಹೆಂಡತಿ ಓಡಿಬಂದು ಮನೆ ಗೋಡೆಯ ಸ್ಟಾಪ್ ಸ್ವಿಚ್ ಒತ್ತಿದಳು. ನಿಲ್ಲಲಿಲ್ಲ. ಮತ್ತೆ ಒತ್ತಿದಳು. ನಿಲ್ಲಲಿಲ್ಲ. ಕೊನೆಗೆ ಬರಿಗಾಲಿನಲ್ಲಿ ಕೆಸರು ತುಳಿದುಕೊಂಡು ಹೋಗಿ ಮೇನ್ ಇಳಿಸಿದಳು. ಒದ್ದೆ ಕಾಲು, ಥ್ರೀ ಫೇಸ್ ಮೇನ್. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಸಂಜೆಯೇ ತೀರ್ಮಾನ ಮಾಡಿದೆ. ಇದನ್ನು ಹೊಸದಾಗಿ ಬರೆಯಲೇಬೇಕು. 2021ರಲ್ಲಿ ಬರೆದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಆಗ ಯಾಕೆ ಬರೆಯುತ್ತಿದ್ದೀಯ ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಸಲ ಒಂದೇ ಉಸಿರಿನಲ್ಲಿ ಹೇಳಬಹುದಿತ್ತು: ಸ್ಟಾಪ್ ಒತ್ತಿದ ಕ್ಷಣ ಮೋಟಾರ್ ನಿಲ್ಲಬೇಕು, ಈ ಕೋಡಿನ ಕಟ್ಟಡದಲ್ಲಿ ಅದು ಸಾಧ್ಯವಿಲ್ಲ. ಎಷ್ಟು ತೇಪೆ ಹಚ್ಚಿದರೂ ಸಾಧ್ಯವಿಲ್ಲ, ಯಾಕೆಂದರೆ ಅಡಿಪಾಯವೇ ಡಿಲೇ. ಇಂಥ ಒಂದು ವಾಕ್ಯ ಬಾಯಿಗೆ ಬಂದರೆ ಧೈರ್ಯವಾಗಿ ಬರೆಯಿರಿ ಅಂತ ನಾನು ಹುಡುಗರಿಗೆ ಹೇಳುತ್ತೇನೆ. "ನೋಡೋಕೆ ಚೆನ್ನಾಗಿಲ್ಲ" ಅನ್ನುವುದು ಬಿಟ್ಟರೆ ಬೇರೇನೂ ಬರದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ತೋಟ ಸುತ್ತಿಕೊಂಡು ಬನ್ನಿ.

ಆದರೆ ಈ ಸಲ ಕೀಬೋರ್ಡ್ ಮುಟ್ಟುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಂಡೆ. ಹಳೆಯ ಕೋಡಿನ ಪ್ರತಿ ಸಾಲಿನ ಮುಂದೆಯೂ ಇದು ಯಾಕೆ ಇದೆ ಅಂತ ಕನ್ನಡದಲ್ಲಿ ಬರೆದೆ. ಒಂದೊಂದಕ್ಕೂ ಒಂದು ಕತೆ ಹೊರಬಂತು. ರಿಲೇ ಪಿನ್ನಿಗೆ ಮೊದಲು ಹೈ (ವೋಲ್ಟೇಜ್ ಇದೆ) ಕೊಟ್ಟು ಆಮೇಲೆ ಅದನ್ನು ಸಂಕೇತ ಹೊರಗೆ ಕಳಿಸುವ ಔಟ್‌ಪುಟ್ ಮಾಡಿದ್ದೆ. ಪುಸ್ತಕಗಳಲ್ಲಿ ಮೊದಲು ಔಟ್‌ಪುಟ್ ಅಂತ ಹೇಳಿ ಆಮೇಲೆ ಹೈ ಕೊಡುತ್ತಾರೆ, ನನ್ನದು ಉಲ್ಟಾ. ಯಾಕೆ? ನಮ್ಮ ಅಂಗಡಿಗಳಲ್ಲಿ ಸಿಗುವ ರಿಲೇ ಬೋರ್ಡ್‌ಗಳಲ್ಲಿ ಸುಮಾರು ಎಲ್ಲವೂ ಲೋ (ವೋಲ್ಟೇಜ್ ಇಲ್ಲ) ಕೊಟ್ಟರೆ ಆನ್ ಆಗುವಂಥವು. ಮೊದಲು ಔಟ್‌ಪುಟ್ ಮಾಡಿದರೆ ಪಿನ್ ಒಂದು ಕ್ಷಣ ಲೋ ಆಗಿರುತ್ತದೆ. ಬೋರ್ಡಿಗೆ ಕರೆಂಟ್ ಬಂದಾಗಲೆಲ್ಲ ರಿಲೇ ಟಿಕ್ ಅನ್ನುವ ಅಪಾಯ. ಎಲ್‌ಇಡಿ ಆದರೆ ಕಣ್ಣಿಗೂ ಕಾಣದು, ಕಾಂಟ್ಯಾಕ್ಟರ್ ಕಾಯಿಲ್ ಆದರೆ ಆ ಟಿಕ್ ದುಬಾರಿ. ಮೋಟಾರ್ ಹಾಕಿದ ಮೊದಲ 30 ಸೆಕೆಂಡ್ ಆಂಪ್ಸ್ ನೋಡಬಾರದು ಅನ್ನುವ ಸಾಲು ಇತ್ತು. ಏಳುವಾಗಿನ ಕರೆಂಟ್ ನಂಬುವಂತಿಲ್ಲ, ಪೈಪ್ ತುಂಬಿ ನೀರು ಮೇಲೆ ಬರುವ ತನಕ ಲೋಡೂ ಸರಿಯಾಗಿ ಕೂರುವುದಿಲ್ಲ.

ಎರಡು ಸಾಲು ಮಾತ್ರ ಯಾಕೆ ಅಂತ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಅವನ್ನು ಇದ್ದ ಹಾಗೆಯೇ ಹೊಸ ಕೋಡಿಗೆ ತಂದು ಪಕ್ಕದಲ್ಲಿ "ಯಾಕೆ ಗೊತ್ತಿಲ್ಲ, ತೆಗೆಯಬೇಡ" ಅಂತ ಬರೆದೆ. ಅದರಲ್ಲಿ ಒಂದರ ಅರ್ಥ ಆರು ತಿಂಗಳ ಮೇಲೆ ಸಿಕ್ಕಿತು. ಸೆನ್ಸರ್ ಎರಡು ಸಲ ಓದಿ ಮೊದಲನೆಯದನ್ನು ಎಸೆಯುತ್ತಿದ್ದೆ. ಈ ಚಿಪ್‌ನಲ್ಲಿ ಅಳೆಯುವ ಭಾಗ ಒಂದೇ, ಅದನ್ನು ಒಂದು ಪಿನ್ನಿನಿಂದ ಇನ್ನೊಂದಕ್ಕೆ ತಿರುಗಿಸಿದಾಗ ಮೊದಲ ಓದು ತಪ್ಪಾಗಬಹುದು. ಇನ್ನೊಂದು ಸಾಲು ಹಾಗೆಯೇ ಇದೆ, ಇರಲಿ. ಅಂದ ಹಾಗೆ ಆರ್ಡುಯಿನೊದಲ್ಲಿ ಕಾಮೆಂಟನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಏನೂ ತೊಂದರೆ ಇಲ್ಲ. ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ. ಬಾರದ ಇಂಗ್ಲಿಷಿನಲ್ಲಿ ಅರ್ಧಂಬರ್ಧ ಬರೆಯುತ್ತಾರೆ, ಇಲ್ಲವೇ ಬರೆಯುವುದೇ ಇಲ್ಲ.

ಬರೆದು ಮುಗಿದ ಮೇಲೂ ಹಳೆಯ ಬೋರ್ಡ್ ಕಿತ್ತುಹಾಕಲಿಲ್ಲ. ಎರಡನೇ ಊನೊ ತಂದು ಅದೇ ಸೆನ್ಸರಿನ ವೈರುಗಳನ್ನು ಅದಕ್ಕೂ ಕೊಟ್ಟೆ. ಮೋಟಾರ್ ಹಳೆಯದರ ಕೈಯಲ್ಲಿ, ಹೊಸದರ ಕೈಯಲ್ಲಿ ಬರೀ ಒಂದು ಎಲ್‌ಇಡಿ. ಮೋಟಾರ್ ಹತ್ತಿದಾಗ ಎಲ್‌ಇಡಿಯೂ ಹತ್ತಬೇಕು, ನಿಂತಾಗ ಆರಬೇಕು. ಮೊದಲ ದಿನವೇ ಎಲ್‌ಇಡಿ ಹತ್ತಲೇ ಇಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ಹಳೆಯದರಲ್ಲಿ 240000 ಅಂತ ನೇರವಾಗಿ ಬರೆದಿದ್ದೆ. ಹೊಸದರಲ್ಲಿ ಓದುವವರಿಗೆ ಅರ್ಥವಾಗಲಿ ಅಂತ 4 * 60 * 1000 ಅಂತ ಬಿಡಿಸಿ ಬರೆದೆ. ಲೆಕ್ಕ ಒಂದೇ ಅಲ್ವಾ? ನಮಗೆ ಒಂದೇ, ಊನೊಗೆ ಅಲ್ಲ. ಊನೊದಲ್ಲಿ ಸಾಧಾರಣ ಸಂಖ್ಯೆಯ ಅಳತೆ 16 ಬಿಟ್. ಅದರಲ್ಲಿ 32767ಕ್ಕಿಂತ ದೊಡ್ಡದು ಹಿಡಿಯುವುದಿಲ್ಲ. ಸಣ್ಣ ಸಣ್ಣ ಸಂಖ್ಯೆಗಳನ್ನು ಗುಣಿಸಿದರೆ ಉತ್ತರವನ್ನೂ ಆ ಸಣ್ಣ ಡಬ್ಬಿಯಲ್ಲೇ ತುರುಕುತ್ತದೆ. ತುಂಬಿ ಹೊರಚೆಲ್ಲಿ ಉತ್ತರ ಮೈನಸ್ 22144 ಆಗುತ್ತದೆ, ಅದನ್ನು ಸಮಯದ ದೊಡ್ಡ ಡಬ್ಬಿಗೆ ಹಾಕಿದಾಗ ಸುಮಾರು 49 ದಿನದಷ್ಟು ಮಿಲಿಸೆಕೆಂಡ್ ಆಗುತ್ತದೆ. ನಾಲ್ಕು ನಿಮಿಷ ಕಾಯಿ ಅಂದರೆ ಬೋರ್ಡ್ ಏಳು ವಾರ ಕಾಯಲು ಕೂತಿತ್ತು. ಸಾವಿರದ ಮುಂದೆ, ದೊಡ್ಡ ಡಬ್ಬಿ ಬಳಸು ಅಂತ ಹೇಳುವ ಯುಎಲ್ ಅನ್ನುವ ಎರಡಕ್ಷರ ಸೇರಿಸಿದೆ, ಸರಿಹೋಯಿತು. ಇದೇ ಸಾಲನ್ನು ಇಎಸ್‌ಪಿ32 ಅನ್ನುವ ಇನ್ನೊಂದು ಬೋರ್ಡಿನಲ್ಲಿ ಹಾಕಿದ್ದರೆ ಮೊದಲೇ ಸರಿಯಾಗಿ ಓಡುತ್ತಿತ್ತು, ಅದರ ಡಬ್ಬಿ 32 ಬಿಟ್‌ನದು. ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಇಂಥ ತಪ್ಪು ಕಾಣುತ್ತದೆ, ಆದರೆ ಆರ್ಡುಯಿನೊ ಸಾಫ್ಟ್‌ವೇರಿನಲ್ಲಿ ಎಚ್ಚರಿಕೆ ತೋರಿಸುವುದನ್ನು ನಾವೇ ಆನ್ ಮಾಡಬೇಕು. ಇಪ್ಪತ್ತು ದಿನ ಹೀಗೆ ಜೋಡಿಯಾಗಿ ಓಡಿಸಿದೆ. ಆಮೇಲೆ 2023ರ ಮಳೆಗಾಲದಲ್ಲಿ, ತೋಟಕ್ಕೆ ನೀರಿನ ಅವಸರ ಇಲ್ಲದಾಗ, ಮೋಟಾರನ್ನು ಹೊಸದಕ್ಕೆ ಕೊಟ್ಟೆ. ಬೇಸಿಗೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕಲೇಬಾರದು.

ಇನ್ನೂ ಒಂದಿದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು.

ಹೊಸ ಕೋಡ್ ಚೆನ್ನಾಗಿ ಓಡುತ್ತಿತ್ತು. ಲೈನ್ ದಿನಕ್ಕೆ ಎರಡು ಮೂರು ಸಲ ಪೂರ್ತಿ ಹೋಗುತ್ತಿತ್ತು, ಆಗ ಬೋರ್ಡೂ ಆಫ್ ಆಗಿ ಯಾವ ವಾಲ್ವಿನ ಸರದಿ ಅನ್ನುವುದು ಮರೆತುಹೋಗುತ್ತಿತ್ತು. ಅದಕ್ಕೆ ಬೋರ್ಡಿಗೊಂದು 12 ವೋಲ್ಟ್ ಬ್ಯಾಟರಿ ಕೊಟ್ಟೆ. ಕೋಡಿನ ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಐವತ್ತನೇ ದಿನ ಮೋಟಾರ್ ನಿಂತುಹೋಯಿತು. ಥ್ರೀ ಫೇಸ್ ಇದೆ, ಬೋರಿನಲ್ಲಿ ನೀರಿದೆ, ಬೋರ್ಡಿನ ಲೈಟ್ ಉರಿಯುತ್ತಿದೆ, ಮೋಟಾರ್ ಮಾತ್ರ ಹತ್ತುವುದಿಲ್ಲ. ರಿಸೆಟ್ ಒತ್ತಿದೆ. ಹತ್ತಿತು.

ಎರಡು ರಾತ್ರಿ ಕೂತು ಹುಡುಕಿದೆ. ಆರ್ಡುಯಿನೊದಲ್ಲಿ ಮಿಲಿಸ್ ಅಂತ ಒಂದು ಗಡಿಯಾರ ಇದೆ. ಬೋರ್ಡ್ ಆನ್ ಆದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯಿತು ಅಂತ ಎಣಿಸುತ್ತಾ ಹೋಗುತ್ತದೆ. 429 ಕೋಟಿ ದಾಟಿದ ಮೇಲೆ, ಅಂದರೆ 49 ದಿನ ಹದಿನೇಳು ಗಂಟೆಗೆ, ಬೈಕಿನ ಕಿಲೋಮೀಟರ್ ಮೀಟರ್ ತಿರುಗಿ ಸೊನ್ನೆಗೆ ಬರುವ ಹಾಗೆ ಅದೂ ಸೊನ್ನೆಗೆ ಬರುತ್ತದೆ. ನನ್ನ ಕೋಡ್ ಏನು ಮಾಡುತ್ತಿತ್ತು ಅಂದರೆ, ನೀರು ಕಮ್ಮಿಯಾಗಿ ಮೋಟಾರ್ ನಿಂತಾಗ "ಮೀಟರ್ ಇಷ್ಟು ತೋರಿಸುವ ತನಕ ರೆಸ್ಟ್" ಅಂತ ಒಂದು ದೊಡ್ಡ ಸಂಖ್ಯೆ ಬರೆದಿಟ್ಟುಕೊಳ್ಳುತ್ತಿತ್ತು. ಕೊನೆಯ ಸಲ ಹಾಗೆ ಬರೆದಿಟ್ಟದ್ದು 46ನೇ ದಿನ. ಮೀಟರ್ ಸೊನ್ನೆಗೆ ತಿರುಗಿದ ಮೇಲೆ ನೋಡುತ್ತದೆ, ಅಯ್ಯೋ, ಇನ್ನೂ 46 ದಿನ ಬಾಕಿ ಇದೆಯಲ್ಲ ಅಂತ ಸುಮ್ನೆ ಕೂತುಬಿಟ್ಟಿದೆ. ಇದಕ್ಕೆ ಮದ್ದು ಒಂದೇ ಸಾಲು. ಯಾವಾಗ ಮುಗಿಯುತ್ತದೆ ಅಂತ ಬರೆದಿಡುವ ಬದಲು ಯಾವಾಗ ನಿಂತಿತು ಅಂತ ಬರೆದಿಡಬೇಕು, ಈಗಿನ ಮೀಟರಿನಿಂದ ಅದನ್ನು ಕಳೆದು ಮುಕ್ಕಾಲು ಗಂಟೆ ಆಯಿತಾ ಅಂತ ನೋಡಬೇಕು. ಕಳೆದರೆ ಮೀಟರ್ ತಿರುಗಿದ್ದರೂ ಲೆಕ್ಕ ಸರಿಬರುತ್ತದೆ.

ಬ್ಯಾಟರಿ ಹಾಕುವ ಮುಂಚೆ ಈ ತಪ್ಪು ಇರಲಿಲ್ಲವಾ? ಇತ್ತು. ದಿನಾ ಕರೆಂಟ್ ಹೋಗುತ್ತಿದ್ದುದರಿಂದ ಮೀಟರ್ ಒಂದು ದಿನ ದಾಟುತ್ತಲೇ ಇರಲಿಲ್ಲ. ಕರೆಂಟ್ ಕಟ್ ನನ್ನ ತಪ್ಪನ್ನು ಮುಚ್ಚಿಟ್ಟಿತ್ತು! ಓಡುತ್ತಿದೆ, ಓಡುತ್ತಿದೆ ಅಂತ ನಾನು ಹೇಳಿಕೊಳ್ಳುತ್ತಿದ್ದ ಕೋಡ್, ಆ ಸ್ಟಾರ್ಟರ್ ಬಾಕ್ಸು, ಆ ಟಿಸಿ, ಆ ಕರೆಂಟ್ ಕಟ್, ಎಲ್ಲದರ ಜೊತೆ ಸೇರಿ ಓಡುತ್ತಿತ್ತು. ಜಾಗ ಬದಲಾದರೆ ಒಂದಕ್ಷರ ಮುಟ್ಟದಿದ್ದರೂ ಅದು ಹೊಸ ಕೋಡೇ.

ದೊಡ್ಡವರಿಗೂ ಇದೇ ಆಗಿದೆ. ನಾವು ಡಿಶ್ ತಿರುಗಿಸಿ ಹಿಡಿಯುತ್ತಿದ್ದ ಇನ್‌ಸ್ಯಾಟ್ ಉಪಗ್ರಹಗಳಲ್ಲಿ ಎಷ್ಟೋ ಹಾರಿದ್ದು ಫ್ರೆಂಚ್ ಗಯಾನಾದ ಕೌರುವಿನಿಂದ, ಅರಿಯಾನ್ ರಾಕೆಟ್‌ಗಳಲ್ಲಿ. ಅಲ್ಲಿಂದಲೇ 1996ರ ಜೂನ್ 4ರಂದು ಅರಿಯಾನ್ 5 ಮೊದಲ ಸಲ ಹಾರಿ ನಿಮಿಷದೊಳಗೆ ಪುಡಿಯಾಯಿತು. ದಿಕ್ಕು ಹೇಳುವ ಸಾಧನದಲ್ಲಿ ಅರಿಯಾನ್ 4ರ ಕೋಡನ್ನೇ ಉಳಿಸಿಕೊಂಡಿದ್ದರು. ಅರಿಯಾನ್ 4ರಲ್ಲಿ ಅದು ಸರಿಯಾಗಿಯೇ ಓಡಿತ್ತು. ಹೊಸ ರಾಕೆಟಿನ ಅಡ್ಡವೇಗ ಜಾಸ್ತಿ, ಆ ಸಂಖ್ಯೆ 16 ಬಿಟ್ ಡಬ್ಬಿಯಲ್ಲಿ ಹಿಡಿಯಲಿಲ್ಲ. ನನ್ನ 4 * 60 * 1000ದ ಡಬ್ಬಿಯ ಅಳತೆಯೂ ಅದೇ. ಇನ್ನು 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ಆದೇಶ ಹೊರಡಿಸಿತು. 248 ದಿನ ಬಿಡದೆ ಪವರ್ ಕೊಟ್ಟರೆ ಜನರೇಟರ್ ನೋಡಿಕೊಳ್ಳುವ ಸಾಫ್ಟ್‌ವೇರಿನ ಎಣಿಕೆ ತುಂಬಿ ವಿದ್ಯುತ್ ನಿಲ್ಲಬಹುದು, ಅದಕ್ಕೆ ಆಗಾಗ ಪವರ್ ಪೂರ್ತಿ ಆಫ್ ಮಾಡಿ ಅಂತ. ಅಂದರೆ ನಮ್ಮ ಲೈನಿನಲ್ಲಿ ತಾನಾಗಿ ಆಗುತ್ತಿದ್ದುದನ್ನು ಅಲ್ಲಿ ಆದೇಶ ಮಾಡಿ ಮಾಡಿಸಿದರು.

ಈ ಮಾತು ಈಗಲೇ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಹೋದ ತಿಂಗಳು ಪಕ್ಕದ ಹಳ್ಳಿಯ ಒಬ್ಬ ಹುಡುಗ ಬಂದಿದ್ದ. ಅವನ ಅಪ್ಪ ಬಳಸುತ್ತಿರುವ ಬೋರ್ಡ್ ಆರು ವರ್ಷದಿಂದ ಓಡುತ್ತಿದೆ. "ಅಂಕಲ್, ಹಳೇ ಕೋಡ್ ಓದೋಕೇ ಆಗಲ್ಲ, ಎಐಗೆ ಕೇಳಿದೆ, ಒಂದು ನಿಮಿಷದಲ್ಲಿ ಹೊಸದು ಬರೆದುಕೊಡ್ತು" ಅಂತ ಫೋನ್ ತೋರಿಸಿದ. ನೋಡಿದೆ. ಕೋಡ್ ನಿಜಕ್ಕೂ ಚೆನ್ನಾಗಿತ್ತು, ನಾನು ಬರೆಯುವುದಕ್ಕಿಂತ ಚೆನ್ನಾಗಿತ್ತು, ಮಿಲಿಸ್ ಲೆಕ್ಕವೂ ಸರಿಯಾಗಿತ್ತು. ಆದರೆ ಅವರ ಟಿಸಿ ಮೇಲೆ ಎಷ್ಟು ಮೋಟಾರ್ ಇವೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಅವನ ಅಪ್ಪ ಬರೆದಿದ್ದ ಮೂರು ನಿಮಿಷದ ಡಿಲೇ ಹೊಸದರಲ್ಲಿ ಇರಲಿಲ್ಲ. ಹೊಸದಾಗಿ ಬರೆಯುವುದು ಮೊದಲು ಒಂದು ವಾರದ ಕೆಲಸ, ಆ ಕಷ್ಟಕ್ಕೇ ಅರ್ಧ ಜನ ಹಿಂದೆ ಸರಿಯುತ್ತಿದ್ದರು. ಈಗ ಅದು ಒಂದು ನಿಮಿಷ. ಸಾಲು ಯಾಕಿದೆ ಅಂತ ಕೇಳಿ ತಿಳಿಯುವ ಕೆಲಸ ಮಾತ್ರ ಮೊದಲಿನಷ್ಟೇ ಹೊತ್ತು ಹಿಡಿಯುತ್ತದೆ. "ಹಾಕೋ ಮುಂಚೆ ನಿಮ್ಮಪ್ಪನ ಪಕ್ಕ ಕೂತು ಒಂದೊಂದು ಸಾಲೂ ಕೇಳು" ಅಂತ ಕಳಿಸಿದೆ. ಅವನು ಕೇಳಿದ. ಡಿಲೇ ಮತ್ತೆ ಸೇರಿಸಿದ.

ಶಾಲೆಗಳ ಬಗ್ಗೆಯೂ ಒಂದು ಮಾತು. ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಮೇಲೆ ಆರನೇ ತರಗತಿಯ ಮಕ್ಕಳೂ ಈ ಬೋರ್ಡ್ ಹಿಡಿಯುತ್ತಿದ್ದಾರೆ. ಬಹಳ ಒಳ್ಳೆಯದು. ನಾನು ನೋಡಿದ ಕಡೆ ಪ್ರತಿ ವರ್ಷ ಪ್ರದರ್ಶನಕ್ಕೆ ಹೊಸದೊಂದು ಮಾಡುತ್ತಾರೆ, ಪ್ರದರ್ಶನ ಮುಗಿದ ಮೇಲೆ ಬಿಚ್ಚಿ ಪಾರ್ಟ್ಸ್ ಡಬ್ಬಿಗೆ ಹಾಕುತ್ತಾರೆ. ಒಂದನ್ನಾದರೂ ಬಿಚ್ಚದೆ ಉಳಿಸಬಾರದಾ? ಶಾಲೆಯ ನೀರಿನ ಟ್ಯಾಂಕಿಗೋ ಬೆಲ್ಲಿಗೋ ಹಾಕಿ ಬಿಡಲಿ. ಮುಂದಿನ ವರ್ಷದ ಮಕ್ಕಳು ಹಿಂದಿನ ವರ್ಷದವರ ಕೋಡ್ ಓದಿ, ಕೆಟ್ಟದ್ದನ್ನು ರಿಪೇರಿ ಮಾಡಿ, ಒಂದು ಕೆಲಸ ಹೊಸದಾಗಿ ಸೇರಿಸಲಿ. ಇಷ್ಟವಿದ್ದರೆ ಪೂರ್ತಿ ಹೊಸದಾಗಿ ಬರೆಯಲಿ, ಆದರೆ ಯಾಕೆ ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಬರೆಯಲಿ. ಎಂಟನೇ ತರಗತಿಯ ಮಗು ಹತ್ತನೇ ತರಗತಿಯ ಅಕ್ಕನನ್ನು ಹುಡುಕಿಕೊಂಡು ಹೋಗಿ "ಅಕ್ಕಾ, ಈ ಸಾಲು ಯಾಕೆ ಹಾಕಿದ್ದು?" ಅಂತ ಕೇಳುವುದನ್ನು ನಾನು ನೋಡಬೇಕು.

ಈಗಾಗಲೇ ಬೋರ್ಡ್ ಇಟ್ಟುಕೊಂಡಿರುವ ರೈತರಿಗೆ ಒಂದು ಉಪಯೋಗದ ವಿಷಯ. ಕೋಡಿನ ಫೈಲ್ ಕಳೆದುಹೋಗಿದೆ, ಬೋರ್ಡ್ ಮಾತ್ರ ಓಡುತ್ತಿದೆ ಅನ್ನುವವರು ಬಹಳ ಜನ ಇದ್ದಾರೆ. ಚಿಪ್‌ನಿಂದ ನಾವು ಬರೆದ ಸಾಲುಗಳನ್ನು ವಾಪಸ್ ಪಡೆಯಲು ಆಗುವುದಿಲ್ಲ, ಹೆಸರು, ಕಾಮೆಂಟ್ ಎಲ್ಲ ಹೋಗಿ ಬರೀ ಯಂತ್ರದ ಸಂಖ್ಯೆಗಳು ಉಳಿದಿರುತ್ತವೆ. ಆದರೆ ಆ ಸಂಖ್ಯೆಗಳನ್ನು ಹಾಗೆಯೇ ಹೊರಗೆ ತೆಗೆದು ಫೈಲ್ ಮಾಡಿ ಇಡಬಹುದು. ಎವಿಆರ್‌ಡ್ಯೂಡ್ ಅನ್ನುವ ಪ್ರೋಗ್ರಾಂ ಆರ್ಡುಯಿನೊ ಸಾಫ್ಟ್‌ವೇರ್ ಜೊತೆಗೇ ಬರುತ್ತದೆ, ಊನೊವನ್ನು ಯುಎಸ್‌ಬಿಗೆ ಹಾಕಿ ಅದರಿಂದ ಫ್ಲ್ಯಾಶ್ (ಚಿಪ್ಪಿನಲ್ಲಿ ಪ್ರೋಗ್ರಾಂ ಇರುವ ಜಾಗ) ಓದಿಸಬಹುದು. ಹೊಸ ಕೋಡ್ ಹಾಕುವ ಮುಂಚೆ ಇಷ್ಟು ಮಾಡಿಟ್ಟುಕೊಂಡರೆ ಎಡವಟ್ಟಾದ ರಾತ್ರಿ ಹಳೆಯದನ್ನೇ ವಾಪಸ್ ಹಾಕಬಹುದು. 2021ರಲ್ಲಿ ನಾನು ಹಳೆಯದಕ್ಕೆ ಹಿಂತಿರುಗಿದ್ದು ಹೀಗೇ, ಯಾಕೆಂದರೆ ಹೊಸದನ್ನು ಬರೆಯುವ ಭರದಲ್ಲಿ ಹಳೆಯ ಫೈಲಿನ ಮೇಲೆಯೇ ಬರೆದುಬಿಟ್ಟಿದ್ದೆ. ಓದಿಟ್ಟ ಸಂಖ್ಯೆಗಳು ಇದ್ದವು, ಬದುಕಿದೆ. ಸಾಲುಗಳು ಒಂದು ಹಳೆಯ ಪೆನ್‌ಡ್ರೈವಿನಲ್ಲಿ ಸಿಕ್ಕಿದ್ದು ಎಷ್ಟೋ ದಿನದ ಮೇಲೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ನೀವು ಹಿಂದೆ ಸುದ್ದಿ ಮಾಡಿದ ಹುಡುಗರನ್ನು ಮತ್ತೆ ಒಂದು ಸಲ ಮಾತಾಡಿಸಿ. ಆ ಬೋರ್ಡ್ ಈಗ ಎಲ್ಲಿದೆ, ಏನು ಕೆಟ್ಟಿತು, ಏನು ಬದಲಾಯಿಸಿದಿರಿ, ಏನನ್ನು ಮುಟ್ಟದೆ ಬಿಟ್ಟಿರಿ ಅಂತ ಕೇಳಿ ಬರೆಯಿರಿ. ನನ್ನ ನೋಟ್‌ಬುಕ್ ಬೇಕಾದರೆ ಕಳಿಸಿಕೊಡುತ್ತೇನೆ. ಅದರಲ್ಲಿ ಈಗ 31 ಸಾಲು ಇದೆ. ಕೊನೆಯದು ಹೋದ ವಾರದ್ದು, ಕೈಬರಹ ನನ್ನ ಹೆಂಡತಿಯದು: "ಸ್ಟಾಪ್ ಸ್ವಿಚ್ ಒತ್ತಿ ನೋಡಿದೆ. ತಕ್ಷಣ ನಿಂತಿತು."

ಇಂತಿ ನಿಮ್ಮ ಓದುಗ,
ತಿಪಟೂರು ತಾಲ್ಲೂಕು